ಕೊರೆಯದೆ ಬಿಟ್ಟ ಹಲ್ಲಿಗೂ ಅಂಕ ಬೇಕು

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಸುತ್ತಮುತ್ತ ಮಳೆಗೆ ಬರವಿರಬಹುದು, ಡೆಂಟಲ್ ಕಾಲೇಜುಗಳಿಗಿಲ್ಲ. ಚಿತ್ರದುರ್ಗದಲ್ಲಿ ಒಂದಿದೆ, ದಾವಣಗೆರೆಯಲ್ಲಿ ಎರಡಿವೆ, ಬಳ್ಳಾರಿಯಲ್ಲಿ ಸರ್ಕಾರಿ ಕಾಲೇಜೇ ಇದೆ. ಈ ಸೀಮೆಯಿಂದ ಹಲ್ಲುನೋವು ತಡೆಯಲಾರದೆ ಬಸ್ಸು ಹತ್ತಿದವರು ಅಲ್ಲಿಗೆ ಹೋಗಿ ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: ‘ಕಿತ್ತು ಹಾಕಿಬಿಡಿ ಸಾರ್.’ ಬೇಡ, ತುಂಬಿಸಿ ಉಳಿಸೋಣ ಎಂದು ಕುರ್ಚಿಯ ಪಕ್ಕ ನಿಂತ ವಿದ್ಯಾರ್ಥಿ ಒಪ್ಪಿಸಲು ನೋಡುತ್ತಾನೆ. ಹಲ್ಲಿನ ಮೇಲಿನ ಕಾಳಜಿ ಇದ್ದೇ ಇದೆ. ಜೊತೆಗೆ ಅವನ ಕೋಟಾ ಕೂಡ ಬಾಕಿ ಇದೆ.

ಕೋಟಾ ಎಂದರೆ ಇಂತಿಷ್ಟು ಹಲ್ಲು ತುಂಬಿಸಿ ಮೇಷ್ಟ್ರ ಸಹಿ ಹಾಕಿಸಿಕೊಂಡಿರಬೇಕೆಂಬ ಲೆಕ್ಕ. ಹಲ್ಲು ಉಳಿಸುವ ವಿದ್ಯೆಯನ್ನು ನಾವು ಅಳೆಯುವುದು ಬಹುಮಟ್ಟಿಗೆ ಹೀಗೆ, ಎಷ್ಟು ಹಲ್ಲು ಕೊರೆದೆ ಎಂಬುದರ ಮೇಲೆ. ಈ ಅಳತೆಗೋಲೇ ತಪ್ಪು ಎಂಬುದು ನನ್ನ ವಾದ. ಆ ತಪ್ಪು ಎದ್ದು ಕಾಣುವುದು ಎಸಿ ಹಾಕಿದ ಕ್ಲಿನಿಕ್ಕಿನಲ್ಲಲ್ಲ, ಚಳ್ಳಕೆರೆ-ಮೊಳಕಾಲ್ಮೂರಿನಂಥ ಕಡೆ.

ಬಿಡಿಎಸ್ ಎರಡನೇ ವರ್ಷದ ವಿದ್ಯಾರ್ಥಿಗೆ ಮೊದಲು ಸಿಗುವುದು ಬಾಯಲ್ಲ, ಪ್ಲಾಸ್ಟರಿನ ದೊಡ್ಡ ದವಡೆಹಲ್ಲು. ಅದನ್ನು ಕೆತ್ತಿ ಕೈ ಪಳಗಿದ ಮೇಲೆ ಟೈಪೊಡಾಂಟ್ ಎಂಬ ಕೃತಕ ದವಡೆಯ ಪ್ಲಾಸ್ಟಿಕ್ ಹಲ್ಲು, ಆಮೇಲೆ ಕಿತ್ತಿಟ್ಟ ನಿಜವಾದ ಹಲ್ಲು. ಗುಂಡಿ ಒಂದೂವರೆಯಿಂದ ಎರಡು ಮಿ.ಮೀ. ಆಳವಿರಬೇಕು, ತಳ ಸಮತಟ್ಟಾಗಿರಬೇಕು, ಗೋಡೆಗಳು ಮೇಲ್ಮುಖವಾಗಿ ತುಸು ಒಳಕ್ಕೆ ಬಾಗಿರಬೇಕು. ಮೇಷ್ಟ್ರು ಪ್ರೋಬ್ ಇಳಿಸಿ ನೋಡಿ ‘ಆಳ ಸಾಲದು’ ಎಂದರೆ ಮತ್ತೆ ಕೊರೆಯುವ ಏರೋಟರ್ ಹಿಡಿಯಬೇಕು. ಈ ಅಳತೆಗಳ ಮೂಲ ಅಮೆರಿಕದ ಜಿ.ವಿ. ಬ್ಲ್ಯಾಕ್. 1908ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಅವರ ಗ್ರಂಥ ಇಂದಿಗೂ ಪಠ್ಯಗಳ ಬೆನ್ನೆಲುಬು. ಬ್ಲ್ಯಾಕ್ ಹಾಗೆ ವಿಧಿಸಿದ್ದಕ್ಕೆ ಕಾರಣವಿತ್ತು. ಗುಂಡಿಗೆ ತುಂಬುವ ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ; ಗುಂಡಿಯ ಆಕಾರವೇ ಅದನ್ನು ಹಿಡಿದಿಡಬೇಕು, ತೆಳುವಾದರೆ ಅದು ಒಡೆಯುತ್ತದೆ. ಜೊತೆಗೆ, ಮುಂದೆ ಹುಳುಕು ಹಿಡಿದೀತೆಂಬ ಗೆರೆಗಳನ್ನೂ ಈಗಲೇ ಕೊರೆದು ಸೇರಿಸಿಬಿಡುವುದು ಅಂದಿನ ನಂಬಿಕೆ. ಆದರೆ 1955ರಲ್ಲಿ ಬ್ಯುನೊಕೋರ್ ಎನಾಮಲ್ ಮೇಲೆ ಆಮ್ಲ ಹಚ್ಚಿ ರೆಸಿನ್ ಅಂಟಿಸಬಹುದೆಂದು ತೋರಿಸಿದರು. 1972ರಲ್ಲಿ ಲಂಡನ್ನಿನ ವಿಲ್ಸನ್ ಮತ್ತು ಕೆಂಟ್ ಹಲ್ಲಿಗೆ ತಾನೇ ಅಂಟುವ ಗ್ಲಾಸ್ ಅಯಾನೊಮರ್ ಸಿಮೆಂಟಿನ ವರದಿ ಕೊಟ್ಟರು. ಹುಳುಕಿದ್ದಷ್ಟನ್ನೇ ತೆಗೆದು ತುಂಬಲು ಅಡ್ಡಿಯೇ ಇಲ್ಲದಾಯಿತು. ಪಾಠದಲ್ಲಿ ಇದೆಲ್ಲ ಬರುತ್ತದೆ, ಉತ್ತರಪತ್ರಿಕೆಯಲ್ಲೂ ಬರುತ್ತದೆ. ಕೈಗೆ ಮಾತ್ರ ಇಂದಿಗೂ ಮೊದಲು ಅಭ್ಯಾಸವಾಗುವುದು ಆ ಚೌಕ ಗುಂಡಿಯೇ.

ಇದೇ ಬ್ಲ್ಯಾಕ್ ಇನ್ನೊಂದು ಕೆಲಸ ಮಾಡಿದ್ದರು. ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ 1901ರಲ್ಲಿ ಪ್ರಾಕ್ಟೀಸಿಗೆ ಕೂತ ಫ್ರೆಡರಿಕ್ ಮೆಕೆ ಎಂಬ ಯುವ ದಂತವೈದ್ಯರು, ಅಲ್ಲೇ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದುಬಣ್ಣಕ್ಕೆ ತಿರುಗಿದ್ದನ್ನು ಕಂಡು ಬ್ಲ್ಯಾಕ್‌ಗೆ ಪತ್ರ ಬರೆದರು. ಬ್ಲ್ಯಾಕ್ 1909ರಲ್ಲಿ ಅಲ್ಲಿಗೇ ಹೋದರು. ಸಾಯುವವರೆಗೆ, ಅಂದರೆ 1915ರವರೆಗೆ, ಆ ಕಲೆಯ ಹಿಂದೆ ಬಿದ್ದರು. ಮಕ್ಕಳ ಹಲ್ಲು ಮೂಡುವ ಕಾಲದಲ್ಲೇ ಏನೋ ಕೆಡುತ್ತಿದೆ, ಆದರೂ ಆ ಹಲ್ಲುಗಳಿಗೆ ಹುಳುಕು ಕಡಿಮೆ ಎಂಬಲ್ಲಿಗೆ ಇಬ್ಬರೂ ಬಂದು ನಿಂತಿದ್ದರು. ಕಾರಣ ನೀರಿನ ಫ್ಲೋರೈಡ್ ಎಂದು ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ತೋರಿಸಿದ್ದು 1931ರಲ್ಲಿ. ಕೊರೆಯುವ ವಿಧಿ ಬರೆದಾತನೇ ಕೊನೆಗಾಲದಲ್ಲಿ ಡ್ರಿಲ್ ಪಕ್ಕಕ್ಕಿಟ್ಟು ಒಂದು ಊರಿನ ಹಲ್ಲುಗಳನ್ನು ನೋಡುತ್ತಾ ಕೂತ. ಸಿಲಬಸ್ ಆತನ ಗುಂಡಿಯನ್ನು ಇಟ್ಟುಕೊಂಡಿತು. ಈ ಕತೆಯನ್ನು ಬೇರೆ ವಿಭಾಗಕ್ಕೆ, ಬೇರೆ ಪರೀಕ್ಷೆಗೆ ದಾಟಿಸಿತು.

ಕೊಲರಾಡೊಗೆ ಹೋಗಬೇಕಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡ್ ಊರಿಗೆಲ್ಲ ಗೊತ್ತಿರುವ ಸಂಗತಿ. ಲೀಟರಿಗೆ 1 ಮಿ.ಗ್ರಾಂ ಒಳಗಿರಲಿ, ಬೇರೆ ನೀರೇ ಇಲ್ಲದಿದ್ದರೆ 1.5 ದಾಟದಿರಲಿ ಎನ್ನುತ್ತದೆ ನಮ್ಮ ಮಾನದಂಡ. ಮಳೆ ಕೈಕೊಟ್ಟಷ್ಟೂ ಬೋರ್ ಆಳಕ್ಕೆ ಇಳಿಯುತ್ತದೆ. ಕಲ್ಲಿನ ಸಂದಿನಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡನ್ನೂ ಹೊತ್ತು ತರುತ್ತದೆ. ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಆದರೆ ಅನ್ನ, ಸಾರು, ಮುದ್ದೆಗೆ ಬೋರಿನ ನೀರನ್ನೇ ಬಳಸಿದರೆ ಕ್ಯಾನಿನ ನೀರು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಇಂಥ ಊರಿನ ಶಾಲಾಮಗುವಿನ ಬಾಯಿ ವಿದ್ಯಾರ್ಥಿಗೆ ಒಡ್ಡುವ ಮೊದಲ ಪರೀಕ್ಷೆ: ಇದು ಹುಳುಕೋ, ಕಲೆಯೋ? ಫ್ಲೋರೈಡಿನ ಕಲೆ, ಅಂದರೆ ಫ್ಲೋರೋಸಿಸ್, ಜೋಡಿಯಾಗಿ ಬರುತ್ತದೆ. ಬಲಗಡೆಯ ಹಲ್ಲಿಗೆ ಇದ್ದುದು ಎಡಗಡೆಯ ಅದೇ ಹಲ್ಲಿಗೂ ಇರುತ್ತದೆ, ಅಡ್ಡಗೆರೆಗಳಾಗಿ, ಸುಣ್ಣ ಬಳಿದಂತೆ ಹಲ್ಲಿನ ಮೈತುಂಬ. ಹಲ್ಲು ಹುಟ್ಟುವಾಗ ಬಿಳಿಚಿಕೊಂಡೇ ಹುಟ್ಟುತ್ತದೆ, ಕಂದು ಆಮೇಲೆ ಏರುತ್ತದೆ. ಹುಳುಕು ಜಾಗ ಹುಡುಕುತ್ತದೆ: ದವಡೆಯ ಗೆರೆ, ಎರಡು ಹಲ್ಲಿನ ನಡುವೆ, ವಸಡಿನ ಅಂಚು. ಹತ್ತಿಯಿಂದ ಹಲ್ಲು ಒಣಗಿಸಿ, ಒಳ್ಳೆಯ ಬೆಳಕಿನಲ್ಲಿ, ಚೂಪು ಪ್ರೋಬ್ ತಿವಿಯದೆ ನೋಡಿದರೆ ಹೆಚ್ಚಿನವು ತಿಳಿಯುತ್ತವೆ. ಕಂದು ಕಂಡಲ್ಲೆಲ್ಲ ಡ್ರಿಲ್ ಇಟ್ಟ ಕೈ ಗಟ್ಟಿ ಹಲ್ಲನ್ನೇ ಕೊರೆದಿರುತ್ತದೆ. ಹಾಗೆಂದು ಕಲೆಯ ಹಲ್ಲು ಹುಳುಕುವುದೇ ಇಲ್ಲ ಎಂದೂ ನಂಬಬಾರದು. ತೀವ್ರ ಫ್ಲೋರೋಸಿಸ್‌ನಲ್ಲಿ ಎನಾಮಲ್ ಚಕ್ಕೆಯೇಳುತ್ತದೆ, ಎದ್ದ ಜಾಗದಲ್ಲಿ ಹುಳುಕೂ ಕೂರಬಹುದು. ಕಾಂಪೋಸಿಟ್ ಹಾಕುವಾಗಲೂ ಈ ಎನಾಮಲ್ ಮಾಮೂಲಿ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಪುಸ್ತಕದ ಹಲ್ಲಿನ ಮೇಲೆ ಕಲಿತದ್ದು ಇಲ್ಲಿ ಅಷ್ಟಾಗಿ ನಡೆಯದು.

ಎರಡನೇ ಪರೀಕ್ಷೆ ಬಾಯಿಮಾತಿನದು. ‘ಫ್ಲೋರೈಡಿನಿಂದಲೇ ಮಗಳ ಹಲ್ಲು ಕೆಟ್ಟಿದ್ದು ಅಂತೀರಿ, ಮತ್ತೆ ಫ್ಲೋರೈಡನ್ನೇ ಹಚ್ತೀರಲ್ಲಪ್ಪ?’ ಎಂದು ತಾಯಿಯೊಬ್ಬಳು ಕೇಳಿದರೆ ಏನು ಹೇಳಬೇಕು? ಹಲ್ಲು ದವಡೆಯೊಳಗೆ ಕಟ್ಟುತ್ತಿರುವ ವರ್ಷಗಳಲ್ಲಿ ದಿನವೂ ಕುಡಿದದ್ದು ಬೇರೆ, ಹುಟ್ಟಿಬಂದ ಹಲ್ಲಿನ ಹುಳುಕಿಗೆ ಒಂದು ತೊಟ್ಟು ಮುಟ್ಟಿಸುವುದು ಬೇರೆ. ಇದನ್ನು ಪದವಿಯ ಗತ್ತಿಲ್ಲದೆ ಆಕೆಗೆ ಮನಗಾಣಿಸುವುದು ಗುಂಡಿ ಕೊರೆಯುವಷ್ಟೇ ಕಷ್ಟದ ಕೆಲಸ. ಇದಕ್ಕೆ ಕೋಟಾ ಇಲ್ಲ.

ಕೋಟಾ ಬೇಕು ಎನ್ನುವವರ ಮಾತನ್ನೂ ತಳ್ಳಿಹಾಕಲಾಗದು. ಕೈ ಪಳಗುವುದು ಮಾಡಿ ಮಾಡಿಯೇ. ವಿವೇಚನೆ ಎಂದು ಮಾತಾಡುತ್ತಾ ಕೈಯೇ ಓಡದ ಡಾಕ್ಟರನ್ನು ಹೊರಗೆ ಬಿಟ್ಟರೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ. ಆದರೆ ಲೆಕ್ಕ ಪರಿಣತಿಯನ್ನು ಹೇಳುತ್ತದೆ ಎಂದು ನಂಬಲು ಒಂದು ಆಧಾರ ಬೇಕು: ತುಂಬಿಸಿದ್ದು ನಿಂತಿತೇ? ಇದನ್ನು ನಮ್ಮ ವಿದ್ಯಾರ್ಥಿ ಬಹುತೇಕ ನೋಡುವುದೇ ಇಲ್ಲ. ಪೋಸ್ಟಿಂಗ್ ಮುಗಿಯುತ್ತದೆ, ಬ್ಯಾಚ್ ಬದಲಾಗುತ್ತದೆ. ಸಿಮೆಂಟು ಕಿತ್ತುಬಂತೆಂದು ರೋಗಿ ಮರಳಿ ಬಂದಾಗ ಅದು ಇನ್ನೊಬ್ಬನ ಕೋಟಾ ಆಗುತ್ತದೆ. ಎಷ್ಟೋ ರೋಗಿಗಳು ಮರಳಿ ಬರುವುದೂ ಇಲ್ಲ. ಶೇಂಗಾ ಕೀಳುವ ಸುಗ್ಗಿಯಲ್ಲಿ ಒಂದು ದಿನದ ಕೂಲಿ, ಬಸ್ ಚಾರ್ಜು ಬಿಟ್ಟು ಎರಡು ಮೂರು ಸಲ ಬರುವುದಕ್ಕಿಂತ ಒಂದೇ ಸಲಕ್ಕೆ ಕೀಳಿಸಿಕೊಳ್ಳುವುದು ಅವರ ಲೆಕ್ಕದಲ್ಲಿ ಸರಿಯೇ. ಅದನ್ನು ಅಜ್ಞಾನ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಸರ್ಕಾರವೂ ಬಡ ಹಿರಿಯರಿಗೆ ಹಲ್ಲುಸೆಟ್ಟು ಕೊಡುವ ದಂತಭಾಗ್ಯ ಯೋಜನೆ ತಂದಿತು. ಒಳ್ಳೆಯದೇ, ಆದರೆ ಅಲ್ಲಿ ಭಾಗ್ಯದ ಬಾಗಿಲು ತೆರೆಯುವುದು ಹಲ್ಲು ಹೋದ ಮೇಲೆ.

ಹಾಗಿದ್ದರೆ ಕಲಿಕೆಯೇ ಊರಿಗೆ ಹೋಗಲಿ. ಈಗಲೂ ಕ್ಯಾಂಪ್‌ಗಳು ನಡೆಯುತ್ತವೆ, ಆದರೆ ಹೆಚ್ಚಿನವು ಬಾಯಿ ನೋಡಿ ಚೀಟಿ ಬರೆದು ಕಾಲೇಜಿನ ಬಸ್ಸಿಗೆ ಹತ್ತಿಸುವುದಕ್ಕೇ ಮುಗಿಯುತ್ತವೆ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಯೋ ಫ್ರೆಂಕನ್ ಮತ್ತು ಸಂಗಡಿಗರು ರೂಪಿಸಿದ ಎಆರ್‌ಟಿ (ಅಟ್ರಾಮ್ಯಾಟಿಕ್ ರೆಸ್ಟೊರೇಟಿವ್ ಟ್ರೀಟ್‌ಮೆಂಟ್) ವಿಧಾನಕ್ಕೆ ಕರೆಂಟೂ ಬೇಡ, ಕಂಪ್ರೆಸರೂ ಬೇಡ. ಮಗುವನ್ನು ಶಾಲೆಯ ಬೆಂಚಿನ ಮೇಲೆ ಮಲಗಿಸಿ, ತಲೆಯ ಬಳಿ ಕೂತು, ಪುಟ್ಟ ಚಮಚದಂಥ ಎಕ್ಸ್‌ಕವೇಟರಿನಿಂದ ಹುಳುಕನ್ನು ಕೆರೆದು ತೆಗೆಯುವುದು. ಮೆತ್ತನೆಯದು ಪದರ ಪದರವಾಗಿ ಎದ್ದು ಬರುತ್ತದೆ. ಗಟ್ಟಿ ಡೆಂಟಿನ್ ಸಿಕ್ಕಾಗ ಕರಕರ ಸದ್ದು ಕೈಗೇ ತಿಳಿಯುತ್ತದೆ. ನರದ ಹತ್ತಿರ ತುಸು ಮೆತ್ತಗಿದ್ದರೂ ಅಲ್ಲಿಗೆ ನಿಲ್ಲಿಸಬೇಕು. ಗ್ಲಾಸ್ ಅಯಾನೊಮರಿನ ಪುಡಿ, ದ್ರವ ಕಲಸಿ ತುಂಬಿ, ಗ್ಲೌಸಿನ ಬೆರಳಿಗೆ ವ್ಯಾಸಲೀನ್ ಸವರಿ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಒಂದು ಗಂಟೆ ಏನೂ ತಿನ್ನಬೇಡ ಎಂದು ಹೇಳಿ ಕಳಿಸಬೇಕು. ಏರೋಟರ್ ಎಲ್ಲಿ ನಿಲ್ಲಬೇಕೆಂದು ಹೇಳುವುದಿಲ್ಲ, ಚಮಚ ಹೇಳುತ್ತದೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ಗೊತ್ತಿಲ್ಲ.

ಬಡವರಿಗೆ ಎರಡನೇ ದರ್ಜೆ ಚಿಕಿತ್ಸೆಯೇ ಎಂಬ ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಹಲ್ಲಿನ ಒಂದೇ ಮುಖದ ಸಣ್ಣ ಗುಂಡಿಗಳಲ್ಲಿ ಈ ತುಂಬಿಕೆ ಡ್ರಿಲ್ ಮಾಡಿ ತುಂಬಿದ್ದಕ್ಕೆ ಸಾಟಿಯಾಗಿ ಬಾಳುತ್ತದೆ. ಎರಡು ಮೂರು ಮುಖ ಆವರಿಸಿದರೆ ಬಾಳಿಕೆ ಕಡಿಮೆ. ಯಾವುದನ್ನು ಬೆಂಚಿನ ಮೇಲೇ ಮುಗಿಸಬಹುದು, ಯಾವುದನ್ನು ಕಾಲೇಜಿಗೆ ಕಳಿಸಲೇಬೇಕು ಎಂದು ಬೇರ್ಪಡಿಸುವುದೇ ಅಲ್ಲಿನ ಪಾಠ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವಶ್ಯಕ ಔಷಧಗಳ ಪಟ್ಟಿಗೆ ಗ್ಲಾಸ್ ಅಯಾನೊಮರ್ ಸೇರಿಸಿದ್ದು ಬಡ ದೇಶಗಳಿಗೆ ಮಾತ್ರವೆಂದಲ್ಲ.

ಶಾಲೆಗೆ ಇನ್ನೊಂದು ಅನುಕೂಲವಿದೆ. ಐದನೇ ತರಗತಿಯ ಮಗು ಮುಂದಿನ ವರ್ಷ ಆರನೇ ತರಗತಿಯಲ್ಲಿ ಅಲ್ಲೇ ಸಿಗುತ್ತದೆ. ಮೂರನೇ ವರ್ಷದಲ್ಲಿ ತುಂಬಿದ್ದನ್ನು ನಾಲ್ಕನೇ ವರ್ಷದಲ್ಲಿ, ಮತ್ತೆ ಇಂಟರ್ನ್‌ಶಿಪ್‌ನಲ್ಲಿ ಅದೇ ವಿದ್ಯಾರ್ಥಿ ಬಂದು ನೋಡುವಂತೆ ಮಾಡಲು ಹೊಸ ಕಟ್ಟಡ ಬೇಕಿಲ್ಲ, ಲಾಗ್‌ಬುಕ್ಕಿನಲ್ಲಿ ಎರಡು ಕಾಲಂ ಸಾಕು. ಒಂದರಲ್ಲಿ, ಹಿಂದಿನ ವರ್ಷ ತುಂಬಿದ್ದು ಇದೆಯೋ, ಸವೆದಿದೆಯೋ, ಬಿದ್ದಿದೆಯೋ. ಇನ್ನೊಂದರಲ್ಲಿ, ನೋಡಿ ಕೊರೆಯದೆ ಬಿಟ್ಟ ಹಲ್ಲು ಯಾವುದು, ಯಾಕೆ ಬಿಟ್ಟೆ. ಎರಡಕ್ಕೂ ಮೇಷ್ಟ್ರು ಸಹಿ ಹಾಕಬೇಕಾದರೆ ಅವರೂ ಆ ಬೆಂಚಿನ ತನಕ ಬರಬೇಕಾಗುತ್ತದೆ.