ನಮ್ಮ ಗ್ವಾಡಿ ಏನು ಪಾಪ ಮಾಡೈತಿ?

ಆರನೇ ಸೆಮಿಸ್ಟರ್ ಶುರುವಾಗಿ ಇನ್ನೂ ತಿಂಗಳಾಗಿರಲಿಲ್ಲ. ಪ್ಲೇಸ್‌ಮೆಂಟ್ ಟ್ರೇನಿಂಗ್ ಕ್ಲಾಸ್‌ನಲ್ಲಿ ಹೊಸ ಫರ್ಮಾನು ಹೊರಟಿತು. ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವವರು ರೆಸ್ಯೂಮೆ ಜೊತೆ 2 ನಿಮಿಷದ ಸ್ವಪರಿಚಯದ ವಿಡಿಯೊ ಕಳಿಸಬೇಕಂತೆ. ಮುಖ ಸ್ಪಷ್ಟವಾಗಿ ಕಾಣಬೇಕು, ದನಿ ಕೇಳಬೇಕು, ಫಾರ್ಮಲ್ ಶರ್ಟ್ ಇರಬೇಕು. ಇಷ್ಟು ಸರಿ. ನನ್ನ ತಲೆ ತಿಂದಿದ್ದು ಕೊನೆಯ ಸೂಚನೆ: 'ಬ್ಯಾಕ್‌ಗ್ರೌಂಡ್ ಪ್ರೊಫೆಷನಲ್ ಆಗಿರಲಿ.'

ಹಾಸ್ಟೆಲ್ ರೂಮಿನಲ್ಲಿ ಮೂರು ಮಂಚ, ಒಂದು ಹಗ್ಗ, ಹಗ್ಗದ ಮೇಲೆ ಮೂವರ ಬನಿಯನ್ನು. ಅಲ್ಲಿ ಆಗುವ ಮಾತಲ್ಲ ಅಂತ ಶನಿವಾರ ಊರಿನ ಬಸ್ ಹತ್ತಿದೆ. ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಪಡಸಾಲೆಯ ಗೋಡೆಗೆ ತಿಳಿನೀಲಿ ಸುಣ್ಣ. ಅದರ ಮೇಲೆ ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರ್, ಮಳೆಗಾಲದಲ್ಲಿ ನೀರಿಳಿದ ಕಲೆ, ಕೆಳಗೆ ರೇಟು ಬರಲಿ ಅಂತ ಕಾದು ಕೂತ ಗೋವಿನಜೋಳದ ಚೀಲಗಳು. ಹುಟ್ಟಿದಾಗಿನಿಂದ ನೋಡಿದ ಗೋಡೆ ಅದು. ಆದರೆ ಫೋನಿನ ಸ್ಕ್ರೀನ್‌ನಲ್ಲಿ ಬೇರೆಯಾಗಿ ಕಂಡಿತು. ನನ್ನ ಪಕ್ಕದಲ್ಲೇ ಯಾರೋ ಎಚ್‌ಆರ್ ನಿಂತು ನೋಡುತ್ತಿದ್ದಾರೆ ಅನ್ನಿಸಿತು.

ಬಿಇ ಓದುವವನಿಗೆ ಇದೇನು ಮಹಾ, ಬ್ಯಾಕ್‌ಗ್ರೌಂಡ್ ಬದಲಿಸಿದರಾಯಿತು ಅಂದುಕೊಂಡೆ. ಲ್ಯಾಪ್‌ಟಾಪ್‌ನಲ್ಲಿ ಶಾಟ್‌ಕಟ್ ಎಂಬ ಉಚಿತ ಎಡಿಟಿಂಗ್ ಸಾಫ್ಟ್‌ವೇರ್ ಇತ್ತು. ಅದರಲ್ಲಿ 'ಕ್ರೋಮಾ ಕೀ' ಅಂತ ಒಂದು ಫಿಲ್ಟರ್ ಇದೆ. ಕೆಳಗಿನ ಟ್ರ್ಯಾಕ್‌ನಲ್ಲಿ ಬೇಕಾದ ಚಿತ್ರ ಇಡಬೇಕು, ಮೇಲಿನ ಟ್ರ್ಯಾಕ್‌ನಲ್ಲಿ ನಮ್ಮ ವಿಡಿಯೊ. ಯಾವ ಬಣ್ಣ ಬೇಡವೋ ಅದನ್ನು ಆರಿಸಿದರೆ ಆ ಬಣ್ಣ ಇರುವ ಜಾಗವೆಲ್ಲ ಪಾರದರ್ಶಕವಾಗಿ, ಕೆಳಗಿನ ಚಿತ್ರ ಕಾಣುತ್ತದೆ. ನೀಲಿ ಗೋಡೆ ಹೇಗೂ ಇದೆಯಲ್ಲ ಅಂತ ನೀಲಿಯನ್ನೇ ಆರಿಸಿದೆ. ಗೋಡೆಯ ಜೊತೆ ನನ್ನ ತಿಳಿನೀಲಿ ಫಾರ್ಮಲ್ ಶರ್ಟೂ ಹೋಯಿತು. ತಲೆ ಮತ್ತು ಎರಡು ಅಂಗೈ ಮಾತ್ರ ಉಳಿದು 'ಗುಡ್ ಮಾರ್ನಿಂಗ್ ಸರ್' ಅಂದವು.

ನೀಲಿಯೂ ತಪ್ಪೇನಲ್ಲ. ಸಿನಿಮಾದವರು ಮೊದಲು ಬಳಸಿದ್ದು ನೀಲಿ ಪರದೆಯನ್ನೇ. 1940ರ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರಕ್ಕೆ ಈ ತಂತ್ರದಿಂದಾಗಿ ಸ್ಪೆಷಲ್ ಎಫೆಕ್ಟ್ಸ್ ಆಸ್ಕರ್ ಬಂತು. ಅದರಲ್ಲಿ ನಟಿಸಿದ ಸಾಬು ನಮ್ಮ ಮೈಸೂರು ಸೀಮೆಯ ಮಾವುತನ ಮಗ. ಈಗ ಹಸಿರು ಹೆಚ್ಚು ಚಾಲ್ತಿಯಲ್ಲಿರುವುದಕ್ಕೆ ಕಾರಣ ಕ್ಯಾಮೆರಾದೊಳಗೇ ಇದೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಪ್ರತಿ ನಾಲ್ಕು ಸಂವೇದಕ ಬಿಂದುಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ಇವತ್ತಿನ ಫೋನ್‌ಗಳೂ ಬಹುಮಟ್ಟಿಗೆ ಅದೇ ದಾರಿಯವು. ಹಾಗಾಗಿ ಹಸಿರಿನ ಮಾಹಿತಿ ಹೆಚ್ಚು ಶುದ್ಧವಾಗಿ ಸಿಗುತ್ತದೆ. ಮನುಷ್ಯನ ಚರ್ಮ ಯಾವ ಬಣ್ಣದ್ದಿದ್ದರೂ ಹಸಿರಿನಿಂದ ದೂರ.

ಭಾನುವಾರ ಬೆಳಿಗ್ಗೆ ಪೇಟೆಗೆ ಹೋಗಿ ಹಸಿರು ಲೈನಿಂಗ್ ಬಟ್ಟೆ 3 ಮೀಟರ್ ತಂದೆ. ಜೋಳದ ಚೀಲ, ಕ್ಯಾಲೆಂಡರ್ ಎಲ್ಲ ಮುಚ್ಚುವಂತೆ ಮೊಳೆ ಹೊಡೆದು ಕಟ್ಟಿದೆ. ಆಮೇಲೆ ಗೊತ್ತಾಯಿತು, ಇದು ಬಟ್ಟೆ ಕಟ್ಟಿದರೆ ಮುಗಿಯುವ ಕೆಲಸವಲ್ಲ. ನಮ್ಮ ಕಣ್ಣಿಗೆ ಒಂದೇ ಹಸಿರಾಗಿ ಕಂಡಿದ್ದು ಸಾಫ್ಟ್‌ವೇರ್‌ಗೆ ನೂರು ಹಸಿರು. ಬಟ್ಟೆಯ ಸುಕ್ಕಿನಲ್ಲಿ ಕಡುಹಸಿರು, ಟ್ಯೂಬ್‌ಲೈಟಿನ ಹತ್ತಿರ ಬಿಳಿಹಸಿರು, ನನ್ನ ನೆರಳು ಬಿದ್ದಲ್ಲಿ ಕಪ್ಪುಹಸಿರು. ಇಸ್ತ್ರಿ ಮಾಡಬೇಕು, ಬಟ್ಟೆಗೆ ಸಮನಾಗಿ ಬೆಳಕು ಬೀಳಬೇಕು, ಅದರಿಂದ ನಾಲ್ಕೈದು ಅಡಿ ಮುಂದೆ ಕೂರಬೇಕು; ಇಲ್ಲದಿದ್ದರೆ ಹಸಿರು ಕೆನ್ನೆಗೇ ಬಳಿದುಕೊಳ್ಳುತ್ತದೆ. ಇನ್ನು ಫೋನಿನ ವಿಡಿಯೊದಲ್ಲಿ ಜಾಗ ಉಳಿಸಲು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳ ಬೆಳಕನ್ನು ಬೇರೆ ಬೇರೆ ಅಳೆದು, ಬಣ್ಣವನ್ನು ಮಾತ್ರ ನಾಲ್ಕಕ್ಕೂ ಸೇರಿಸಿ ಒಮ್ಮೆ ಬರೆದಿಡುತ್ತಾರೆ. ಕೂದಲಿನ ಅಂಚು ಇಲಿ ಕಡಿದಂತೆ ಕಾಣುವುದು ಇದರಿಂದ. ಕ್ಲಾಸ್‌ನಲ್ಲಿ ಇಮೇಜ್ ಪ್ರೊಸೆಸಿಂಗ್ ಪಾಠ ಕೇಳುವಾಗ ನಿದ್ದೆ ಬಂದಿತ್ತು, ಪಡಸಾಲೆಯಲ್ಲಿ ಎಲ್ಲ ಅರ್ಥವಾಯಿತು.

ನನ್ನ ಪಡಸಾಲೆ ಇರುವುದೇ ಎಂಟು ಅಡಿ ಅಗಲ, ಎಲ್ಲಿಂದ ದೂರ ಕೂರಲಿ? 'ಡಿಸ್ಟೆನ್ಸ್' ಎಂಬ ಸ್ಲೈಡರ್ ಇದೆ. ಆರಿಸಿದ ಬಣ್ಣಕ್ಕೆ ಎಷ್ಟು ಹತ್ತಿರದ ಬಣ್ಣಗಳನ್ನು ಅಳಿಸಬೇಕೆಂದು ಹೇಳುವುದು ಅದು. ಅದನ್ನೇ ಏರಿಸುತ್ತ ಹೋದೆ. ಸುಕ್ಕು ಹೋಯಿತು, ನೆರಳು ಹೋಯಿತು. ಹಿಂದೆ ನೆಟ್‌ನಲ್ಲಿ ಸಿಕ್ಕ ಗಾಜಿನ ಆಫೀಸಿನ ಫೋಟೊ ಕೂತಿತು. ಗೆದ್ದೆ ಅಂದುಕೊಂಡು ಪೂರ್ತಿ ವಿಡಿಯೊ ಪ್ಲೇ ಮಾಡಿದೆ.

1 ನಿಮಿಷ ದಾಟಿದ ಮೇಲೆ ಅವ್ವ ಬಂದಿದ್ದಳು. ಒಳಮನೆಯಿಂದ ಮೊರ ತಗೊಂಡು ನನ್ನ ಹಿಂದೆ ಹಾದು ಹೋಗಿದ್ದಳು. ನಾನು 'ಮೈ ಸ್ಟ್ರೆಂತ್ಸ್ ಆರ್' ಅನ್ನುವ ಗಡಿಬಿಡಿಯಲ್ಲಿ ಗಮನಿಸಿರಲಿಲ್ಲ. ಅವತ್ತು ಅವಳು ಉಟ್ಟಿದ್ದು ಗಿಳಿಹಸಿರು ಸೀರೆ. ಸ್ಲೈಡರ್ ಸೀರೆಯನ್ನೂ ತಿಂದಿತ್ತು. ಅವಳ ಮುಖ, ಬಳೆ ತೊಟ್ಟ ಕೈ, ಮೊರ ಇಷ್ಟೇ ಗಾಜಿನ ಕಟ್ಟಡದ ಮುಂದೆ ತೇಲಿಕೊಂಡು ಹೋದವು. ಮೈ ಇರಬೇಕಾದಲ್ಲಿ ಆಫೀಸಿನ ಕಿಟಕಿಗಳು.

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳನ್ನೂ ಕರೆದು ತೋರಿಸಿದೆ. ಅವಳೂ ನಕ್ಕಳು. ಆಮೇಲೆ ಕೇಳಿದಳು, "ಈ ಬಿಲ್ಡಿಂಗ್ ಯಾರದೋ ತಮ್ಮಾ?"

"ಗೊತ್ತಿಲ್ಲಬೇ, ನೆಟ್ನ್ಯಾಗ ಸಿಕ್ತು."

"ಅಲ್ಲೋ, ಯಾರದೋ ಗೊತ್ತಿಲ್ಲದ ಮನಿ ಮುಂದ ನಿಂತು ನಮ್ಮೂರ ಹೆಸರು ಹೇಳಾಕತ್ತೀಯಲ್ಲ. ನಮ್ಮ ಗ್ವಾಡಿ ಏನು ಪಾಪ ಮಾಡೈತಿ?"

ಬೈದಿದ್ದರೆ ಏನಾದರೂ ವಾದ ಮಾಡಬಹುದಿತ್ತು. ಅವಳು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬ್ಯಾಕ್‌ಗ್ರೌಂಡ್ ಬದಲಿಸುವುದೇ ಮೋಸ ಅನ್ನುವವನಲ್ಲ ನಾನು. ಅಪ್ಪ–ಅವ್ವನ ಮದುವೆ ಹೊಸದರ ಫೋಟೊದಲ್ಲಿ ಹಿಂದೆ ಸ್ಟುಡಿಯೊದ ಪರದೆಯಿದೆ. ಅದರಲ್ಲಿ ಬರೆದ ತೋಟ, ಬರೆದ ಸರೋವರ. ಜಾತ್ರೆಯಲ್ಲಿ ತಾಜ್ ಮಹಲ್ ಪರದೆಯ ಮುಂದೆ ಫೋಟೊ ತೆಗೆಸಿಕೊಂಡವರು ನಮ್ಮೂರಲ್ಲಿ ಎಷ್ಟು ಜನ ಬೇಕು? ಆದರೆ ಅದು ಪರದೆ ಅಂತ ತೆಗೆದವನಿಗೂ ನೋಡಿದವನಿಗೂ ಗೊತ್ತಿತ್ತು. ಅದು ಖುಷಿಗೆ. ನಾನು ಮಾಡಿದ್ದು ಹೆದರಿಕೆಗೆ. ಜೋಳದ ಚೀಲ ಕಂಡರೆ ನನ್ನ ಕೋಡಿಂಗ್ ಮೇಲೆ ಅನುಮಾನ ಬಂದೀತು ಅನ್ನುವ ಹೆದರಿಕೆ.

ಈ ಹೆದರಿಕೆಯನ್ನು ಕಾಲೇಜುಗಳೇ ನಮ್ಮೊಳಗೆ ತುಂಬುತ್ತಿವೆ ಅನ್ನುವುದು ನನ್ನ ತಕರಾರು. 'ಪ್ರೊಫೆಷನಲ್ ಬ್ಯಾಕ್‌ಗ್ರೌಂಡ್' ಅನ್ನುವುದು ಕೇಳಲು ಸಣ್ಣ ಷರತ್ತು. ಅಪಾರ್ಟ್‌ಮೆಂಟ್‌ನಲ್ಲಿ ಸ್ವಂತ ರೂಮು, ಪುಸ್ತಕದ ಕಪಾಟು ಇರುವವನಿಗೆ ಅದು ಷರತ್ತೇ ಅಲ್ಲ, ಕೂತರೆ ಮುಗಿಯಿತು. ನನ್ನ ಗೆಳತಿಯೊಬ್ಬಳ ಮನೆಯಲ್ಲಿ ಒಂದೇ ಕೋಣೆ. ಅವಳು ರಾತ್ರಿ ಎಲ್ಲರೂ ಮಲಗಿದ ಮೇಲೆ, ಅಜ್ಜಿಯ ಕೆಮ್ಮು ನಿಂತಾಗ ರೆಕಾರ್ಡ್ ಮಾಡಿದಳಂತೆ. 2 ನಿಮಿಷದ ವಿಡಿಯೊದಲ್ಲಿ ಪರೀಕ್ಷೆಗೆ ಒಳಗಾಗುವುದು ನಾವೋ, ನಮ್ಮ ಮನೆಯೋ? ಕೆಲವರು ಹೇಳುತ್ತಾರೆ, ಈಗ ಹಸಿರು ಬಟ್ಟೆಯೂ ಬೇಡ, ಎಐ ಒಂದೇ ಕ್ಲಿಕ್‌ಗೆ ಹಿನ್ನೆಲೆ ತೆಗೆಯುತ್ತದೆ ಅಂತ. ತೆಗೆಯುತ್ತದೆ, ಆಗಾಗ ಕಿವಿಯನ್ನೂ ತೆಗೆಯುತ್ತದೆ. ಆ ಮಾತು ಬೇರೆ. ನಾನು ಕೇಳುತ್ತಿರುವುದು ಯಾಕೆ ತೆಗೆಯಬೇಕು ಅಂತ.

ನಮ್ಮ ಸೆಮಿನಾರ್ ಹಾಲ್‌ನ ಹಿಂದಿನ ಗೋಡೆ ಬಿಳಿಯದು. ವಾರಕ್ಕೆ ಎರಡು ಸಂಜೆ ಅದರ ಬೀಗ ತೆಗೆದು, ಒಂದು ಸ್ಟೂಲು, ಎರಡು ಎಲ್‌ಇಡಿ ಲೈಟು ಇಟ್ಟರೆ ಸಾಕು. ಎಲ್ಲರಿಗೂ ಒಂದೇ ಗೋಡೆ. ನಾವು ಐವರು ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. 'ನೋಡೋಣ' ಅಂದಿದ್ದಾರೆ.

ನಾನು ಕಳಿಸಿದ್ದು ನಾಲ್ಕನೇ ಟೇಕ್. ಹಸಿರು ಬಟ್ಟೆ ಬಿಚ್ಚಿದೆ, ಶರ್ಟು ಬಿಳಿಯದು ಹಾಕಿದೆ, ಬಾಗಿಲ ಬೆಳಕಿಗೆ ಮುಖ ಮಾಡಿ ಕೂತೆ. ಹಿಂದೆ ನೀಲಿ ಗೋಡೆ, ಮೂಲೆಯಲ್ಲಿ ಒಂದು ಚೀಲದ ತುದಿ. ಉತ್ತರ ಇನ್ನೂ ಬಂದಿಲ್ಲ. ಜೋಳದ ರೇಟೂ ಬಂದಿಲ್ಲ, ಚೀಲಗಳು ಅಲ್ಲೇ ಇವೆ.