ಕ್ಯಾಮೆರಾಕ್ಕೂ ತಕ್ಕಡಿಯ ಮುದ್ರೆ ಬೇಕು



ಕಾಫಿ ಮೂಟೆಯನ್ನು ವ್ಯಾಪಾರಿಯ ತಕ್ಕಡಿಗೆ ಏರಿಸುವ ಮೊದಲು ನಾವು ಏನು ಮಾಡುತ್ತೇವೆ? ಬರಿ ತಕ್ಕಡಿ ಸೊನ್ನೆ ತೋರಿಸುತ್ತದೆಯೇ ಎಂದು ನೋಡುತ್ತೇವೆ. ಅದರ ಮೇಲೆ ಸರ್ಕಾರದ ಮುದ್ರೆ ಇದೆಯೇ, ಈ ವರ್ಷದ್ದೇ, ಹಳೆಯದೇ ಎಂದು ಕಣ್ಣು ಹಾಯಿಸುತ್ತೇವೆ. ತೇವಾಂಶ ಮಾಪಕ ಒಂದು ಅಂಕಿ ಹೆಚ್ಚು ತೋರಿಸಿದರೆ 'ಇನ್ನೊಂದು ಹಿಡಿ ಹಾಕಿ ನೋಡಿ ಸ್ವಾಮಿ' ಎನ್ನುತ್ತೇವೆ. ಯಂತ್ರ ಹೇಳಿದ್ದೇ ವೇದವಾಕ್ಯವೆಂದು ಒಪ್ಪಿಕೊಂಡು ಬಂದಿದ್ದರೆ ನಮ್ಮಲ್ಲಿ ಎಷ್ಟೋ ಜನ ಇಷ್ಟು ಹೊತ್ತಿಗೆ ತೋಟ ಮಾರಿರುತ್ತಿದ್ದರು.

ಆದರೆ ಅದೇ ನಾವು, ರಸ್ತೆಬದಿಯ ಕಂಬದ ಮೇಲಿನ ಕ್ಯಾಮೆರಾ ಅಳೆದ ವೇಗದ ಬಗ್ಗೆ ಮೊಬೈಲಿಗೆ ದಂಡದ ಸಂದೇಶ ಬಂದರೆ ಎರಡರಲ್ಲಿ ಒಂದು ಮಾಡುತ್ತೇವೆ. ಹೆದರಿ ಕೂಡಲೇ ಕಟ್ಟುತ್ತೇವೆ, ಇಲ್ಲವೇ ನೋಡಿಯೂ ನೋಡದಂತೆ ಬಿಟ್ಟುಬಿಡುತ್ತೇವೆ. ಮೂಟೆಯ ವಿಚಾರದಲ್ಲಿ ಕೇಳುವ ಪ್ರಶ್ನೆಯನ್ನು ಇಲ್ಲಿ ಕೇಳುವುದೇ ಇಲ್ಲ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಕಳೆದ ಕೊಯ್ಲಿನ ಕಾಲದಲ್ಲಿ ಅತ್ತಿಗುಂಡಿಯ ನಮ್ಮ ಸದಸ್ಯರೊಬ್ಬರಿಗೆ ಇಂಥ ಸಂದೇಶ ಬಂತು. ದೂರದ ಹೆದ್ದಾರಿಯೊಂದರಲ್ಲಿ ಅವರ ಪಿಕಪ್ ಮಿತಿ ಮೀರಿದ ವೇಗದಲ್ಲಿ ಓಡಿದೆ, ಸಾವಿರ ರೂಪಾಯಿ ಕಟ್ಟಬೇಕು ಎಂದು. ಆ ಹೊತ್ತಿಗೆ ಅವರ ಪಿಕಪ್ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ ಅಂಗಳದಲ್ಲಿ ಸಾಲಿನಲ್ಲಿ ನಿಂತಿತ್ತು. ವೇ ಬ್ರಿಡ್ಜಿನ ಚೀಟಿಯಲ್ಲಿ ವಾಹನದ ನಂಬರು, ತಾರೀಖು, ಗಂಟೆ, ನಿಮಿಷ ಎಲ್ಲವೂ ಅಚ್ಚಾಗಿದ್ದವು. ಮಗ ಜಾಲತಾಣದಲ್ಲಿ ಚಿತ್ರ ತೆಗೆದು ನೋಡಿದರೆ ಅದರಲ್ಲಿದ್ದದ್ದು ಪಿಕಪ್ಪೇ ಅಲ್ಲ, ಬಿಳಿ ಕಾರು! ಅದರ ನಂಬರಿನ ಹಲಗೆಗೆ ಕೆಸರು ಮೆತ್ತಿತ್ತು. ಹಾಸನದ 13 ಚಿಕ್ಕಮಗಳೂರಿನ 18 ಆಗಲು ಎಷ್ಟು ಕೆಸರು ಬೇಕು ಹೇಳಿ? ಆದರೆ ಚಿತ್ರ ನೋಡುವ ಹೊತ್ತಿಗೆ ಹಣ ಕಟ್ಟಿ ಆಗಿತ್ತು. 'ಸಾವಿರ ರೂಪಾಯಿಗೆ ಯಾರು ಕೋರ್ಟು ಹತ್ತುತ್ತಾರೆ' ಎಂದು ಅವರೇ ಸಮಾಧಾನ ಹೇಳಿಕೊಂಡರು.

ಸಾವಿರ ಹೋದದ್ದಷ್ಟೇ ಅಲ್ಲ, ಬಂಧುಗಳೇ. ಮೋಟಾರು ವಾಹನ ಕಾಯಿದೆಯ 183ನೇ ಕಲಮಿನಲ್ಲಿ ವೇಗದ ಅಪರಾಧಕ್ಕೆ ಮೊದಲು 400 ರೂಪಾಯಿಯವರೆಗೆ ದಂಡವಿತ್ತು. 2019ರ ತಿದ್ದುಪಡಿಯ ನಂತರ ಲಘು ವಾಹನಕ್ಕೆ 1,000ದಿಂದ 2,000, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ ಆಯಿತು. ಎರಡನೆಯ ಸಲ ಸಿಕ್ಕಿಬಿದ್ದರೆ ಲೈಸೆನ್ಸನ್ನೇ ಜಪ್ತಿ ಮಾಡಲು ಅವಕಾಶವಿದೆ. ಅಲ್ಲದೆ 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಗಂಟೆಗೆ 130 ಕಿ.ಮೀ. ಮೀರಿ ಓಡಿಸಿದವರ ಮೇಲೆ ಎಫ್.ಐ.ಆರ್. ಹಾಕುವುದಾಗಿ ಪೊಲೀಸ್ ಅಧಿಕಾರಿಗಳು ಪ್ರಕಟಿಸಿದರು. ಮಾಡದ ತಪ್ಪಿಗೆ ಇಂದು ದಂಡ ಕಟ್ಟಿದವನ ಹೆಸರಿನಲ್ಲಿ ಒಂದು ತಪ್ಪು ದಾಖಲಾಗಿ ಕೂತಿರುತ್ತದೆ. ಬಾಡಿಗೆಗೆ ಪಿಕಪ್ ಓಡಿಸಿ ಬದುಕುವ ನಮ್ಮ ಹುಡುಗರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಹಾಗೆಂದು ಕ್ಯಾಮೆರಾಗಳನ್ನೇ ಕಿತ್ತೊಗೆಯಿರಿ ಎಂದು ನಾವು ಹೇಳುತ್ತಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 71 ಮಂದಿಯ ಸಾವಿಗೆ ಅತಿವೇಗ ಕಾರಣವೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳಿತು. 2023ರ ಮಾರ್ಚಿನಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮೊದಲ ತಿಂಗಳುಗಳಲ್ಲೇ ಆದ ಸಾವುಗಳನ್ನು ಯಾರೂ ಮರೆತಿಲ್ಲ. ಅಲ್ಲಿ ಕ್ಯಾಮೆರಾ ಹಾಕಿದ್ದು ಸರಿಯಾಗಿಯೇ ಇದೆ. ನಮ್ಮಲ್ಲಿಯೇ ನೋಡಿ, ಕೈಮರದಿಂದ ಮೇಲಕ್ಕೆ ಶನಿವಾರ ಭಾನುವಾರ ಮಂಜಿನ ತಿರುವುಗಳಲ್ಲಿ ಪ್ರವಾಸಿಗರ ಕಾರುಗಳು ನುಗ್ಗುವ ಪರಿಗೆ ಹಣ್ಣು ಕೊಯ್ದು ಮನೆಗೆ ಹೋಗುವ ಹೆಣ್ಣಾಳುಗಳು ಚರಂಡಿಗೆ ಇಳಿದು ನಿಲ್ಲಬೇಕಾಗಿದೆ. ಅಂಥವರಿಗೆ ದಂಡ ಬಿದ್ದರೆ ನಾವು ಸಂತೋಷಪಡುವವರೇ. ನಮ್ಮವರೇ ವೇಗವಾಗಿ ಓಡಿಸಿದ್ದರೂ ಕಟ್ಟಬೇಕು. ತೂಕ ಸರಿಯಿದ್ದ ಮೇಲೆ ತಕರಾರು ಮಾಡುವವನು ಬೆಳೆಗಾರನಲ್ಲ, ತಂಟೆಕೋರ.

ಪ್ರಶ್ನೆ ಇರುವುದು ತೂಕ ಸರಿಯೇ ಎಂಬುದರಲ್ಲಿ. ಇದಕ್ಕೆ ಕಾನೂನೇ ಉತ್ತರ ಕೊಟ್ಟಿದೆ, ಆದರೆ ಅದನ್ನು ನಮಗೆ ಯಾರೂ ತಿಳಿಸಿಲ್ಲ. 2021ರ ಆಗಸ್ಟ್ 11ರಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಸೇರಿತು. ಅದರ ಪ್ರಕಾರ ಇಂಥ ಪ್ರತಿ ಯಂತ್ರಕ್ಕೂ ಅದು ಸರಿಯಾಗಿ ಅಳೆಯುತ್ತಿದೆ ಎಂಬ ಅನುಮೋದನಾ ಪತ್ರ ಇರಬೇಕು, ಅದನ್ನು ವರ್ಷ ವರ್ಷವೂ ನವೀಕರಿಸಬೇಕು. ಕ್ಯಾಮೆರಾ ಇರುವ ರಸ್ತೆಯ ಮೊದಲಿಗೇ ಕಣ್ಣಿಗೆ ಕಾಣುವಂತೆ ಎಚ್ಚರಿಕೆಯ ಫಲಕ ಹಾಕಬೇಕು. ಅಪರಾಧ ನಡೆದ 15 ದಿನದೊಳಗೆ ನೋಟೀಸು ಕಳುಹಿಸಬೇಕು. ನೋಟೀಸಿನಲ್ಲಿ ವಾಹನವೂ ನಂಬರೂ ಸ್ಪಷ್ಟವಾಗಿ ಕಾಣುವ ಚಿತ್ರ, ಯಂತ್ರ ಅಳೆದ ಅಂಕಿ, ದಿನ, ವೇಳೆ, ಸ್ಥಳ, ಮೀರಿದ ಕಲಮು, ವಿದ್ಯುನ್ಮಾನ ದಾಖಲೆಗೆ ಸಾಕ್ಷ್ಯ ಕಾಯಿದೆ ಕೇಳುವ ಪ್ರಮಾಣಪತ್ರ ಇಷ್ಟೂ ಇರಬೇಕು. ಆಗ ಅದು 65ಬಿ ಪ್ರಮಾಣಪತ್ರವಾಗಿತ್ತು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಆ ಜಾಗಕ್ಕೆ ಬಂದಿದೆ. ಪ್ರಕರಣ ಮುಗಿಯುವವರೆಗೆ ದಾಖಲೆಯನ್ನು ಕಾಪಾಡಿ ಇಡಬೇಕೆಂದೂ ನಿಯಮದಲ್ಲಿದೆ. ಈ ನಿಯಮಗಳನ್ನು ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರಿನಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು.

ಇನ್ನೂ ಒಂದು ಸಂಗತಿ ನಮ್ಮ ಮನಸ್ಸಿಗೆ ಹತ್ತಿರವಾದದ್ದು. ರಾಡಾರ್ ಅಲೆಯಿಂದ ವೇಗ ಅಳೆಯುವ ಯಂತ್ರಗಳನ್ನು 2025ರ ಜುಲೈ 1ರಿಂದ ಕಾನೂನು ಮಾಪನ ನಿಯಮಗಳ ವ್ಯಾಪ್ತಿಗೆ ತರಲಾಯಿತು. ಅಂದರೆ ನಮ್ಮ ತಕ್ಕಡಿ, ತೂಕದ ಬೊಟ್ಟು, ಪೆಟ್ರೋಲ್ ಬಂಕಿನ ಪಂಪುಗಳಿಗೆ ಮುದ್ರೆ ಒತ್ತುವ ಅದೇ ಶಾಸ್ತ್ರ. ಪರೀಕ್ಷಿಸಿ ಮುದ್ರೆ ಒತ್ತಿಸದ ರಾಡಾರ್ ಮಾಪಕವನ್ನು ಬಳಸುವಂತಿಲ್ಲ. ಮುದ್ರೆಯಿಲ್ಲದ ತಕ್ಕಡಿಯಲ್ಲಿ ಅಡಿಕೆ ತೂಗಿದರೆ ಕಳಸದ ರೈತ ಸುಮ್ಮನಿರುತ್ತಾನೆಯೇ? ಹಾಗೆಯೇ 'ಈ ಮಾಪಕವನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ಪತ್ರದ ಪ್ರತಿ ಕೊಡಿ' ಎಂದು ಕೇಳುವುದು ಉದ್ಧಟತನವಲ್ಲ.

ಯಂತ್ರ ತಪ್ಪುವುದುಂಟೇ ಎಂದು ಕೇಳುವವರಿಗೆ ಅಮೆರಿಕದ ಬಾಲ್ಟಿಮೋರ್ ನಗರದ ಸಂಗತಿ ಹೇಳಬೇಕು. ಅಲ್ಲಿ 2012ರಲ್ಲಿ ಕೆಂಪು ದೀಪಕ್ಕೆ ಕದಲದೆ ನಿಂತಿದ್ದ ಕಾರಿಗೆ ಗಂಟೆಗೆ 38 ಮೈಲಿ ವೇಗವೆಂದು ದಂಡದ ನೋಟೀಸು ಹೋಯಿತು. ಪತ್ರಿಕೆಯವರು ಚಿತ್ರಗಳನ್ನು ಪರಿಶೀಲಿಸಿದಾಗ ಇಂಥ ತಪ್ಪುಗಳು ಒಂದೊಂದಾಗಿ ಹೊರಬಂದವು. ಮರುವರ್ಷ ನಗರದ ಆಡಳಿತ ಆ ಕ್ಯಾಮೆರಾಗಳನ್ನೇ ನಿಲ್ಲಿಸಬೇಕಾಯಿತು. ಕಾರು ನಿಂತಿತ್ತೆಂದು ತಿಳಿದದ್ದು ಹೇಗೆ? ಒಂದರ ಹಿಂದೊಂದು ತೆಗೆದ ಚಿತ್ರಗಳಲ್ಲಿ ಕಾರು ಇದ್ದಲ್ಲೇ ಇತ್ತು, ಅಷ್ಟೆ. ಈ ಲೆಕ್ಕ ನಾವೂ ಹಾಕಬಹುದು. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರು. ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಚಿತ್ರ ತೆಗೆದಿದ್ದರೆ ವಾಹನ 10 ಮೀಟರು, ಎಂದರೆ ಹೆಚ್ಚು ಕಡಿಮೆ ಎರಡೂವರೆ ಜೀಪಿನ ಉದ್ದ ಮುಂದೆ ಹೋಗಿರಬೇಕು. ಚಿತ್ರದಲ್ಲಿ ಒಂದು ಮೊಳ ಕದಲಿದ್ದರೆ ಯಂತ್ರಕ್ಕೆ ಜ್ವರ ಬಂದಿದೆ ಎಂದರ್ಥ. ಆದ್ದರಿಂದ ಒಂದೇ ಚಿತ್ರ ಕೊಟ್ಟಿದ್ದರೆ ಇನ್ನೊಂದನ್ನೂ ಕೇಳಿ ಪಡೆಯಬೇಕು.

ಆದರೆ ನಮ್ಮ ತಪ್ಪು ತಿಳಿವಳಿಕೆಯಿಂದ ತಕರಾರಿಗೆ ಇಳಿಯಬಾರದು. ಕಾರಿನ ಮಿತಿಯೇ ಪಿಕಪ್ಪಿನ ಮಿತಿ ಎಂದು ಬಹಳ ಜನ ತಿಳಿದಿದ್ದಾರೆ. ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದಂತೆ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ., ಸರಕು ವಾಹನಕ್ಕೆ 80. ಉಳಿದ ರಸ್ತೆಗಳಲ್ಲಿ ಕಾರಿಗೆ 70, ಸರಕು ವಾಹನಕ್ಕೆ 60. ಸ್ಥಳೀಯವಾಗಿ ಇದಕ್ಕೂ ಕಡಿಮೆ ಮಿತಿ ಹಾಕಿರಬಹುದು. ಬರಿ ಪಿಕಪ್ಪಾದರೂ, ತುಂಬಿದ ಪಿಕಪ್ಪಾದರೂ ಆರ್.ಸಿ. ಪುಸ್ತಕದಲ್ಲಿ ಅದು ಸರಕು ವಾಹನವೇ. 'ಪಕ್ಕದ ಕಾರು ನನಗಿಂತ ಜೋರಾಗಿ ಹೋಯಿತಲ್ಲ' ಎಂಬ ವಾದ ನಿಲ್ಲುವುದಿಲ್ಲ.

ಓಡಿಸಿದವರು ಬೇರೆ, ನೋಟೀಸು ಬರುವುದು ಮಾಲೀಕರಿಗೆ. ಕಾಯಿದೆಯ 133ನೇ ಕಲಮಿನಂತೆ ಪೊಲೀಸರು ಕೇಳಿದಾಗ ಚಾಲಕನ ಹೆಸರು, ವಿಳಾಸ, ಲೈಸೆನ್ಸಿನ ವಿವರ ಕೊಡುವುದು ಮಾಲೀಕರ ಹೊಣೆ. ದೊಡ್ಡ ಎಸ್ಟೇಟುಗಳಲ್ಲಿ ರೈಟರು ಇದನ್ನೆಲ್ಲ ಬರೆದಿಡುತ್ತಾರೆ; ಐದೆಕರೆ ಹತ್ತೆಕರೆಯವರಾದ ನಾವು ಗೋಡೆಯ ಕ್ಯಾಲೆಂಡರಿನಲ್ಲಾದರೂ ಯಾವ ದಿನ ಗಾಡಿ ಎಲ್ಲಿಗೆ ಹೋಯಿತು, ಯಾರು ಓಡಿಸಿದರು ಎಂದು ಗುರುತು ಹಾಕುವುದು ಒಳ್ಳೆಯದು. ವೇ ಬ್ರಿಡ್ಜಿನ ಚೀಟಿ, ಮಂಡಿಯ ರಸೀದಿ, ಡೀಸೆಲ್ ಬಿಲ್ಲುಗಳನ್ನು ಒಲೆ ಹೊತ್ತಿಸಲು ಉಪಯೋಗಿಸಬೇಡಿ.

ಇದಕ್ಕಿಂತಲೂ ದೊಡ್ಡ ಅಪಾಯ ಮಾರಿದ ಜೀಪಿನದು. ನಮ್ಮ ಮಲೆನಾಡಿನಲ್ಲಿ ಹಳೆಯ ಜೀಪನ್ನು ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ, ಹಣ ಎಣಿಸಿಕೊಂಡು, ಬೀಗದ ಕೈ ಕೊಟ್ಟು ಕಳುಹಿಸುವ ರೂಢಿ ಇದೆ. ಆ ಜೀಪು ಎಲ್ಲೆಲ್ಲಿ ಓಡಿದರೂ ನೋಟೀಸು ಬರುವುದು ನಮ್ಮ ಮನೆಗೆ. ದಂಡವಾದರೆ ಚಿತ್ರ ತೋರಿಸಿ ವಾದಿಸಬಹುದು, ಅಪಘಾತವಾದರೆ? ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಕೈಯಿಂದ ಕೈಗೆ ನಾಲ್ಕು ಸಲ ಮಾರಾಟವಾಗಿದ್ದ ವಾಹನದ ವಿಚಾರದಲ್ಲೂ ಹಾಗೆಯೇ ಆಯಿತು. ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸುವುದು ಮಾರಿದವನ ಕರ್ತವ್ಯ.

ಇನ್ನು ಅರ್ಧ ದಂಡದ ವಿಷಯ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಕೆಲವೇ ದಿನದಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಹಣ ಸಂದಾಯವಾಯಿತು. 2025ರಲ್ಲಿಯೂ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇದೇ ರಿಯಾಯಿತಿ ಇತ್ತು. ಇದು ಜನರಿಗೆ ಅನುಕೂಲವೆಂದು ಎಲ್ಲರೂ ಹೊಗಳಿದರು. ನಮಗೆ ಅಷ್ಟು ಮೆಚ್ಚಿಗೆಯಾಗಲಿಲ್ಲ. ತಪ್ಪು ಮಾಡಿದವನಿಗೆ ಕಾದರೆ ಅರ್ಧಕ್ಕೆ ಬಿಡುತ್ತಾರೆ ಎಂಬ ಪಾಠವಾಯಿತು. ತಪ್ಪು ಮಾಡದವನು ಅಗ್ಗಕ್ಕೆ ಸಿಕ್ಕಿತೆಂದು ಇಲ್ಲದ ಸಾಲವನ್ನು ತೀರಿಸಿದ. ನೋಟೀಸು ಸರಿಯೇ ತಪ್ಪೇ ಎಂದು ತೂಗಿ ನೋಡುವ ಕೆಲಸವನ್ನು ಎರಡೂ ಕಡೆಯವರು ಬಿಟ್ಟುಬಿಟ್ಟರು.

ಬಿಟ್ಟದ್ದಕ್ಕೆ ಕಾರಣವೂ ಇದೆಯೆನ್ನಿ. ನೋಟೀಸು ಬೆಂಗಳೂರಿನಿಂದ ಅತ್ತಿಗುಂಡಿಗೆ ಒಂದು ಗಳಿಗೆಯಲ್ಲಿ, ಖರ್ಚಿಲ್ಲದೆ ಬರುತ್ತದೆ. ಉತ್ತರ ಕೊಡಲು ನಾವು ಹೋಗಬೇಕಾದ ದಾರಿ ಮಾತ್ರ ಹಳೆಯದೇ. ಮನೆಯಲ್ಲೇ ಕುಳಿತು ವರ್ಚುವಲ್ ಕೋರ್ಟಿನಲ್ಲಿ ತಪ್ಪೊಪ್ಪಿ ದಂಡ ಕಟ್ಟಬಹುದು. ಒಪ್ಪುವುದಿಲ್ಲ ಎಂದರೆ ಪ್ರಕರಣ ಆ ವ್ಯಾಪ್ತಿಯ ಮಾಮೂಲಿ ಕೋರ್ಟಿಗೆ ಹೋಗುತ್ತದೆ. ಹಣ್ಣಿನ ಕಾಲದಲ್ಲಿ ಎರಡು ದಿನ ತೋಟ ಬಿಟ್ಟು, ಬಸ್ ಚಾರ್ಜು, ಊಟ, ವಕೀಲರ ಫೀಜು ಎಲ್ಲ ಸೇರಿದರೆ ಸಾವಿರದ ನೋಟೀಸಿಗೆ ಐದು ಸಾವಿರ ಕೈಬಿಡುತ್ತದೆ. ತಪ್ಪೊಪ್ಪಿಗೆಗೆ ಮಾತ್ರ ಮನೆಬಾಗಿಲ ಸೌಕರ್ಯ, ನಿರಪರಾಧಿಗೆ ಅಲೆದಾಟ! ಈ ಏರ್ಪಾಡು ಬದಲಾಗಬೇಕು. ದಂಡವನ್ನು ಒಪ್ಪದವನ ಅಹವಾಲನ್ನೂ ತಾಲ್ಲೂಕು ಕೇಂದ್ರದ ಕೋರ್ಟಿನಿಂದಲೇ ವಿಡಿಯೋ ಮೂಲಕ ಕೇಳುವಂತಾಗಬೇಕು. ನೋಟೀಸು ಓದಲು ಬರುವ ಕನ್ನಡದಲ್ಲಿರಬೇಕು. ಮಾಪಕದ ಪರೀಕ್ಷೆಯ ದಿನಾಂಕ ನೋಟೀಸಿನ ಮೇಲೆಯೇ ಅಚ್ಚಾಗಿರಬೇಕು. ಪೆಟ್ಟಿಗೆ ಅಂಗಡಿಯ ತಕ್ಕಡಿಗೆ ಇರುವ ಷರತ್ತು ಇದಕ್ಕೂ ಇರಲಿ.

ಕೋರ್ಟು ಕೊನೆಯ ಮೆಟ್ಟಿಲು. ಅದಕ್ಕೆ ಮೊದಲು ನೋಟೀಸು ಕಳುಹಿಸಿದ ಸಂಚಾರ ಠಾಣೆಗೆ ಚಿತ್ರ, ಚೀಟಿ ಲಗತ್ತಿಸಿ ಲಿಖಿತ ಆಕ್ಷೇಪಣೆ ಕಳುಹಿಸಬಹುದು, ಇ-ಚಲನ್ ಜಾಲತಾಣದಲ್ಲಿ ದೂರು ದಾಖಲಿಸಲೂಬಹುದು. ಬೇರೆ ವಾಹನದ ಚಿತ್ರ ಇದ್ದಂಥ ಪ್ರಕರಣ ಅಲ್ಲಿಯೇ ಮುಗಿಯಬೇಕು. ಹಣ ಕಟ್ಟಿದ ಮೇಲೆ ಮಾತ್ರ ಎಲ್ಲವೂ ಕಷ್ಟ, ಕಟ್ಟುವುದೆಂದರೆ ರಾಜಿಯಾದಂತೆ.

ಸಂಘದ ಕಚೇರಿಯಲ್ಲಿ ಇದಕ್ಕಾಗಿ ಒಂದು ಪುಸ್ತಕ ಇಡಬೇಕೆಂದು ನಾವು ಸೂಚಿಸುತ್ತೇವೆ. ನೋಟೀಸು ಬಂದ ಸದಸ್ಯರು ಹಣ ಕಟ್ಟುವ ಮೊದಲೇ ಅದರ ಪ್ರತಿ, ಚಿತ್ರಗಳು, ಆರ್.ಸಿ. ಮತ್ತು ಆ ದಿನದ ಚೀಟಿಗಳನ್ನು ತಂದು ತೋರಿಸಲಿ. ಒಂದೇ ಕ್ಯಾಮೆರಾದಿಂದ ನಾಲ್ಕಾರು ತಪ್ಪು ನೋಟೀಸು ಬಂದದ್ದು ಗೊತ್ತಾದರೆ ಸಂಘದ ಹೆಸರಿನಲ್ಲಿಯೇ ಬರೆಯಬಹುದು, ಒಬ್ಬನ ಅರ್ಜಿಗಿಂತ ಅದಕ್ಕೆ ತೂಕ ಹೆಚ್ಚು. ವಾಟ್ಸ್‌ಆ್ಯಪ್‌ನಲ್ಲಿ ದಂಡದ ಹೆಸರು ಹೇಳಿ ಯಾವುದೋ ಫೈಲು ಒತ್ತಿ ಎಂದು ಬರುವ ಸಂದೇಶಗಳನ್ನು ಮಾತ್ರ ಒತ್ತದೆ ಹಾಗೆಯೇ ಮೊಬೈಲು ಸಹಿತ ತನ್ನಿ. ಅವು ಪೊಲೀಸರವಲ್ಲ, ಬ್ಯಾಂಕಿನ ಖಾತೆ ಬರಿದು ಮಾಡುವ ಕಳ್ಳರವು.