ಪುಸ್ತಕದ ಕಪಾಟಿಗೆ ಯಾವ ಹಲಗೆ?

ಶಾಲೆ ಆರಂಭವಾಗುವ ಹೊತ್ತಿಗೆ ಮಕ್ಕಳಿಗೊಂದು ಪುಸ್ತಕದ ಕಪಾಟು ಮಾಡಿಸಬೇಕೆಂದು ಅನೇಕ ಪಾಲಕರು ಯೋಚಿಸುತ್ತಾರೆ. ಹೊಸಪೇಟೆಯಲ್ಲಾಗಲಿ ಸಂಡೂರಿನಲ್ಲಾಗಲಿ ಅಂಗಡಿಯಲ್ಲಿ ನಿಂತು ನೋಡಿದರೆ ಎಲ್ಲ ಹಲಗೆಗಳೂ ಹೊಳೆಯುತ್ತವೆ. ಬೆಲೆ ಮಾತ್ರ ಬೇರೆ ಬೇರೆ. ಹೊಳಪು ಮೇಲಂಟಿಸಿದ ಹಾಳೆಯದು. ಕೇಳಬೇಕಾದದ್ದು ಒಳಗೇನಿದೆ ಎಂದು.

ಪ್ಲೈವುಡ್ಡಿನಲ್ಲಿ ಮರದ ತೆಳು ಪದರಗಳಿರುತ್ತವೆ. ಒಂದರ ಎಳೆ ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಹಾಗಾಗಿ ಸುಲಭವಾಗಿ ಸೀಳುವುದಿಲ್ಲ, ಸ್ಕ್ರೂ ಗಟ್ಟಿಯಾಗಿ ಹಿಡಿಯುತ್ತದೆ. ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚೂರುಗಳಿಗೆ ಅಂಟು ಬೆರೆಸಿ ಒತ್ತಿದ್ದು. ಕಂಪ್ಲಿ ಸೀಮೆಯಲ್ಲಿ ಬೆಳೆಯುವ ಕಬ್ಬಿನಂಥ ಕಬ್ಬಿನ ಸಿಪ್ಪೆಯಿಂದಲೂ ಇದನ್ನು ತಯಾರಿಸಬಹುದು. ಎಂ.ಡಿ.ಎಫ್. ಮರವನ್ನು ನಾರಾಗಿ ಬಿಡಿಸಿ ಒತ್ತಿದ್ದು. ನುಣುಪಾಗಿದ್ದು ಬಣ್ಣ ಚೆನ್ನಾಗಿ ಕೂರುತ್ತದೆ. ಇವೆರಡೂ ಸಾಮಾನ್ಯವಾಗಿ ಅಗ್ಗ. ಆದರೆ ಸಾಧಾರಣ ದರ್ಜೆಯವು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೂ ಮೊದಲಿನಂತಾಗುವುದಿಲ್ಲ.

ಒಣ ಕೋಣೆಗೆ ಎಂ.ಆರ್. ದರ್ಜೆಯ ಪ್ಲೈವುಡ್ ಸಾಕು. ಬಚ್ಚಲಿಗೆ ತಾಗಿದ ಗೋಡೆಗೆ, ಅಡುಗೆಮನೆಗೆ ಬಿ.ಡಬ್ಲ್ಯು.ಆರ್. ಬೇಕು. ಹಲಗೆಯ ಮೇಲೆ ಐ.ಎಸ್.ಐ. ಗುರುತಿನೊಡನೆ ಐ.ಎಸ್. 303 ಎಂದಿದೆಯೇ ನೋಡಿ. ಐ.ಎಸ್. 710 ಮರೀನ್ ಪ್ಲೈವುಡ್. ಅದರ ಅಂಟನ್ನು 72 ಗಂಟೆ ಕುದಿಸಿ ಪರೀಕ್ಷಿಸುತ್ತಾರೆ. ಪುಸ್ತಕಕ್ಕೆ ಅಷ್ಟು ಖರ್ಚು ಬೇಡ.

ಇನ್ನು ವಿದ್ಯಾರ್ಥಿಗಳಿಗೊಂದು ಪ್ರಶ್ನೆ. ಹಂಪಿಯ ಮಂಟಪಗಳಲ್ಲಿ ಕಂಬಗಳು ಅಷ್ಟು ಒತ್ತಾಗಿ ಏಕಿವೆ? ಕಲ್ಲು ಭಾರ ಹೊರುತ್ತದೆ, ಆದರೆ ಬಾಗಿಸಿದರೆ ಬಿರಿಯುತ್ತದೆ. ಆದ್ದರಿಂದ ಚಪ್ಪಡಿಗೆ ಹತ್ತಿರದಲ್ಲೇ ಆಸರೆ ಬೇಕು. ಹಲಗೆ ಬಿರಿಯದಿದ್ದರೂ ಜೋತುಬೀಳುತ್ತದೆ. ತುಂಬಾ ಪುಸ್ತಕ ಹೊತ್ತ ಅದೇ ಹಲಗೆಯ ಆಸರೆಗಳ ಅಂತರ 2 ಅಡಿಯಿಂದ 4 ಅಡಿಯಾದರೆ ಬಾಗುವಿಕೆ ಇಮ್ಮಡಿಯಲ್ಲ, 16 ಪಟ್ಟು! ದಪ್ಪ ಇಮ್ಮಡಿಯಾದರೆ ಅದು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ 18 ಮಿ.ಮೀ. ದಪ್ಪದ ಹಲಗೆ ಆರಿಸಿ, ಅಂತರ 2 ಅಡಿಯೊಳಗಿರಲಿ.

8 ಅಡಿ ಉದ್ದ, 4 ಅಡಿ ಅಗಲದ ಒಂದೇ ಹಾಳೆಯನ್ನು ಉದ್ದಕ್ಕೆ ಸೀಳಿದರೆ ಸುಮಾರು ಒಂದಡಿ ಅಗಲದ 4 ಪಟ್ಟಿ ಸಿಗುತ್ತವೆ. ಎರಡರಿಂದ 6 ಅಡಿಯ ಎರಡು ಪಕ್ಕಗಳು. ಉಳಿದದ್ದರಲ್ಲಿ 2 ಅಡಿಗೆ ತುಸು ಕಡಿಮೆಯ ಅಡ್ಡಹಲಗೆಗಳು ಹತ್ತರವರೆಗೆ. ಬೆನ್ನಿಗೆ ಮಾತ್ರ ಬೇರೆ ತೆಳು ಹಾಳೆ ಬೇಕು.

ಅಂಚುಗಳಿಗೆ ಪಟ್ಟಿ ಅಂಟಿಸಿ ಮುಚ್ಚಿಸಿ. ನೆಲ ಒರೆಸುವ ನೀರು ತಾಗದಂತೆ ಕಪಾಟಿಗೆ ಕಾಲು ಕೊಡಿಸಿ. ಹೊಸ ಹಲಗೆಯ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಹೊಮ್ಮುವುದರಿಂದ ಮೊದಲ ಕೆಲವು ವಾರ ಕಿಟಕಿ ತೆರೆದಿಡಿ.

ಅಗ್ಗದ ಹಲಗೆಯನ್ನು ಎರಡು ಸಲ ಕೊಂಡರೆ ಅದೇ ದುಬಾರಿ. ಬಡಗಿಯನ್ನು ಕರೆಯುವ ಮೊದಲು ಈ ಲೆಕ್ಕವನ್ನು ಮಕ್ಕಳಿಂದಲೇ ಕಾಗದದ ಮೇಲೆ ಹಾಕಿಸಿ.